ಬೀಳುವುದನ್ನು ನೋಡಲು ಕಲಿಯಿರಿ: ಬಾಟಲಿಯಿಂದ ಉಲ್ಕಾಶಿಲೆಯವರೆಗೆ

ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ ತನ್ನಿ. ಟೆಲಿಸ್ಕೋಪ್ ಆಮೇಲೆ ನೋಡೋಣ. ಖಗೋಳ ವಿಜ್ಞಾನ ಕಲಿಯಬೇಕು ಅಂದವರೆಲ್ಲ ಮೊದಲು ಕೇಳುವುದೇ "ಯಾವ ಟೆಲಿಸ್ಕೋಪ್ ತಗೊಳ್ಳಲಿ?" ಅಂತ. ಇಲ್ಲಿ ಹೇಳುವ ಯಾವುದಕ್ಕೂ ಅದು ಬೇಡ. ಬಾಟಲಿ, ಎರಡು ಗುಂಡುಸೂಜಿ, ಒಂದಷ್ಟು ದಾರ, ಕ್ಯಾಲ್ಕುಲೇಟರ್, ಅಡುಗೆಮನೆಯ ತಕ್ಕಡಿ, ಒಂದು ಸಣ್ಣ ಅಯಸ್ಕಾಂತ ಇದ್ದರೆ ಆಯಿತು. ಜೊತೆಗೆ ಒಂದು ರಾತ್ರಿ ನಿದ್ದೆಗೆಡುವ ಮನಸ್ಸು.

ಬಾಟಲಿಯ ತಳದಿಂದ ಎರಡು ಬೆರಳು ಮೇಲೆ ಒಂದು ತೂತು ಮಾಡಿ. ತೂತನ್ನು ಬೆರಳಿನಿಂದ ಮುಚ್ಚಿಕೊಂಡು ನೀರು ತುಂಬಿಸಿ. ಮುಚ್ಚಳ ಹಾಕಬೇಡಿ. ಬೆರಳು ತೆಗೆದರೆ ನೀರು ಚಿಮ್ಮುತ್ತದೆ, ಅದು ಗೊತ್ತಿರುವುದೇ. ಹಾಗೆ ಚಿಮ್ಮುತ್ತಿರುವಾಗಲೇ ಬಾಟಲಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಕೈ ಬಿಟ್ಟುಬಿಡಿ. ಪಕ್ಕದಲ್ಲಿ ಯಾರಾದರೂ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯಲಿ, ಯಾಕೆಂದರೆ ಎರಡು ಮೀಟರ್ ಬೀಳಲು ಮುಕ್ಕಾಲು ಸೆಕೆಂಡ್ ಕೂಡ ಬೇಡ, ಬರಿಗಣ್ಣಿಗೆ ಸರಿಯಾಗಿ ಸಿಗುವುದಿಲ್ಲ. ಸೆಕೆಂಡಿಗೆ 240 ಫ್ರೇಮ್ ಇಟ್ಟರೆ ಆ ಬೀಳುವಿಕೆಯ ಸುಮಾರು 150 ಚಿತ್ರ ಸಿಗುತ್ತವೆ. ಒಂದೊಂದೇ ಸರಿಸುತ್ತಾ ನೋಡಿ. ಕೈ ಬಿಟ್ಟ ತಕ್ಷಣ ಧಾರೆ ನಿಂತುಹೋಗುತ್ತದೆ. ತೂತು ತೆರೆದೇ ಇದೆ, ಒಳಗೆ ನೀರೂ ಇದೆ, ಆದರೆ ನೀರು ಹೊರಗೆ ಚಿಮ್ಮುತ್ತಿಲ್ಲ. ನೆಲಕ್ಕೆ ಬಡಿಯುವವರೆಗೂ ಹಾಗೇ.

ನೀರು ಚಿಮ್ಮುತ್ತಿದ್ದದ್ದು ಮೇಲಿನ ನೀರು ಕೆಳಗಿನ ನೀರನ್ನು ಒತ್ತುತ್ತಿದ್ದರಿಂದ. ಬೀಳುವಾಗ ಮೇಲಿನ ನೀರು, ಕೆಳಗಿನ ನೀರು, ಬಾಟಲಿ ಎಲ್ಲ ಒಟ್ಟಿಗೇ ಬೀಳುತ್ತವೆ. ಯಾರ ಮೇಲೆ ಯಾರ ಭಾರವೂ ಇಲ್ಲ.

ಇನ್ನೊಂದು ಸಲ ನೀರು ತುಂಬಿಸಿ. ಈ ಸಲ ಬೀಳಿಸಬೇಡಿ, ನೇರ ಮೇಲಕ್ಕೆ ಎಸೆಯಿರಿ. ವಿಡಿಯೊ ನೋಡುವ ಮುಂಚೆ ಏನಾಗುತ್ತದೆ ಅಂತ ಊಹಿಸಿ, ಬೇಕಾದರೆ ಬರೆದಿಡಿ. ಮೇಲೆ ಹೋಗುವಾಗ ಚಿಮ್ಮುತ್ತದೆ, ಕೆಳಗೆ ಬರುವಾಗ ನಿಲ್ಲುತ್ತದೆ ಅಂತ ಹೆಚ್ಚಿನವರು ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕೈಯಿಂದ ಬಿಟ್ಟ ಕ್ಷಣದಿಂದಲೇ ನೀರು ನಿಲ್ಲುತ್ತದೆ, ಮೇಲೆ ಹೋಗುವಾಗಲೂ. ಅಂದರೆ ಮೇಲೆ ಹೋಗುತ್ತಿರುವ ಬಾಟಲಿ ಕೂಡ ಬೀಳುತ್ತಲೇ ಇದೆ! ಯಾವ ಕಡೆ ಹೋಗುತ್ತಿದೆ ಅನ್ನುವುದು ಬೇರೆ, ಬೀಳುತ್ತಿದೆಯಾ ಅನ್ನುವುದು ಬೇರೆ. ಈ ಒಂದು ವಿಷಯ ತಲೆಗೆ ಹೋದರೆ ಚಂದ್ರ, ಉಪಗ್ರಹ, ಧೂಮಕೇತು, ಉಲ್ಕೆ ಎಲ್ಲ ಒಂದೇ ಕತೆಯ ಪಾತ್ರಗಳು ಅಂತ ಗೊತ್ತಾಗುತ್ತದೆ. ಹೋಗದಿದ್ದರೆ ಇನ್ನೆರಡು ಸಲ ಎಸೆಯಿರಿ. ಒದ್ದೆಯಾಗುತ್ತೀರಿ, ಪರವಾಗಿಲ್ಲ.

ಬಾಹ್ಯಾಕಾಶ ನಿಲ್ದಾಣದ ಗಗನಯಾತ್ರಿಗಳು ತೇಲುವುದೂ ಇದಕ್ಕೇ. "ಅಲ್ಲಿ ಗುರುತ್ವಾಕರ್ಷಣೆ ಇಲ್ಲ" ಅನ್ನುವುದು ಶುದ್ಧ ತಪ್ಪು. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಭೂಮಿಯ ಕೇಂದ್ರದಿಂದ ನಮಗೇ 6,371 ಕಿಲೋಮೀಟರ್ ದೂರ, ಅವರಿಗೆ 6,771. ಇಷ್ಟೇ ವ್ಯತ್ಯಾಸ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ: 0.885. ಇಲ್ಲಿನ ಸೆಳೆತದ ನೂರರಲ್ಲಿ 88 ಪಾಲಿಗೂ ಜಾಸ್ತಿ ಅಲ್ಲಿದೆ. 400 ಕಿಲೋಮೀಟರ್ ಎತ್ತರದ ಗೋಪುರ ಕಟ್ಟಿ ಅದರ ತುದಿಯಲ್ಲಿ ನಿಂತರೆ, 60 ಕೆಜಿ ತೂಗುವವರು 53 ಕೆಜಿ ತೂಗುತ್ತಾರೆ. ತೇಲುವುದಿಲ್ಲ, ಸುಮ್ನೆ ನಿಂತಿರುತ್ತಾರೆ. ನಿಲ್ದಾಣದಲ್ಲಿ ತೇಲುವುದು ಅದು ನಮ್ಮ ಬಾಟಲಿಯ ಹಾಗೆ ಬೀಳುತ್ತಲೇ ಇರುವುದರಿಂದ.

ಹಾಗಾದರೆ ನೆಲಕ್ಕೆ ಯಾಕೆ ಬಡಿಯುವುದಿಲ್ಲ? ಈಗ ಒಂದು ಕಲ್ಲು ಎಸೆಯೋಣ, ಮನಸ್ಸಿನಲ್ಲೇ ಎಸೆದರೆ ಸಾಕು. ಕೈಯಿಂದ ಸುಮ್ಮನೆ ಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಅಡ್ಡಲಾಗಿ ಎಷ್ಟೇ ಜೋರಾಗಿ ಎಸೆದರೂ, ಗಾಳಿಯನ್ನು ಬದಿಗಿಟ್ಟರೆ, ಅಷ್ಟೇ ಬೀಳುತ್ತದೆ. ಇನ್ನೊಂದು ಸಂಗತಿ: ಭೂಮಿ ದುಂಡಗಿದೆ. ನಿಮ್ಮ ಕಾಲ ಬಳಿಯಿಂದ ಒಂದು ನೇರ ಮಟ್ಟಗೆರೆ ಎಳೆದರೆ, 8 ಕಿಲೋಮೀಟರ್ ಆಚೆ ನೆಲ ಆ ಗೆರೆಗಿಂತ ಸುಮಾರು 5 ಮೀಟರ್ ಕೆಳಗೆ ಹೋಗಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಡಿ. ಸೆಕೆಂಡಿಗೆ 7.9 ಕಿಲೋಮೀಟರ್ ವೇಗದಲ್ಲಿ ಎಸೆದ ಕಲ್ಲು ಒಂದು ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ, ಅಷ್ಟರಲ್ಲಿ ಕೆಳಗಿನ ನೆಲವೂ 4.9 ಮೀಟರ್ ಬಾಗಿರುತ್ತದೆ. ಕಲ್ಲು ಬಿದ್ದಿದೆ, ಆದರೆ ನೆಲ ಹತ್ತಿರ ಬಂದಿಲ್ಲ. ಮುಂದಿನ ಸೆಕೆಂಡಿನಲ್ಲೂ ಅದೇ. ಬೀಳುತ್ತಾ ಬೀಳುತ್ತಾ ಸುತ್ತಿಕೊಂಡು ಬಂದು ನಿಮ್ಮ ಬೆನ್ನಿಗೇ ಬಡಿಯುತ್ತದೆ. ಇದೇ ಕಕ್ಷೆ.

ಎತ್ತರದ ಬೆಟ್ಟದ ಮೇಲೊಂದು ಫಿರಂಗಿ ಇಟ್ಟು, ಗುಂಡನ್ನು ಇನ್ನಷ್ಟು ಮತ್ತಷ್ಟು ಜೋರಾಗಿ ಹಾರಿಸುತ್ತಾ ಹೋದರೆ ಏನಾಗುತ್ತದೆ ಅಂತ ನ್ಯೂಟನ್ ಯೋಚಿಸಿದ್ದು ಇದನ್ನೇ. ಆ ಚಿತ್ರ ಅಚ್ಚಾದದ್ದು 1728ರಲ್ಲಿ, ಅವನು ತೀರಿಕೊಂಡ ಮರುವರ್ಷ. ಆ ವೇಗದಲ್ಲಿ ಮನುಷ್ಯರು ನಿಜಕ್ಕೂ ಒಂದು ವಸ್ತುವನ್ನು ಎಸೆದದ್ದು 1957ರ ಅಕ್ಟೋಬರ್ 4ರಂದು, ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿಸಿದಾಗ.

ಚಂದ್ರನಿಗೂ ಇದೇ ಲೆಕ್ಕ. ಭೂಮಿಯ ಕೇಂದ್ರದಿಂದ ನಾವಿರುವುದಕ್ಕಿಂತ ಚಂದ್ರ 60 ಪಟ್ಟು ದೂರ. ದೂರ 60 ಪಟ್ಟಾದರೆ ಸೆಳೆತ 60 ಗುಣಿಸು 60, ಅಂದರೆ 3,600ರಲ್ಲಿ ಒಂದು ಪಾಲು. ಹಾಗಾಗಿ ಚಂದ್ರ ಒಂದು ಸೆಕೆಂಡಿನಲ್ಲಿ 4.9 ಮೀಟರ್ ಬದಲು 1.4 ಮಿಲಿಮೀಟರಿಗೂ ಸ್ವಲ್ಪ ಕಡಿಮೆ ಬೀಳುತ್ತಾನೆ, ಅಷ್ಟರಲ್ಲಿ ಅಡ್ಡಕ್ಕೆ ಒಂದು ಕಿಲೋಮೀಟರ್ ಹೋಗಿಬಿಟ್ಟಿರುತ್ತಾನೆ. ಕಲ್ಲು ಒಂದು ಸೆಕೆಂಡಿನಲ್ಲಿ ಬೀಳುವಷ್ಟನ್ನು ಚಂದ್ರ ಒಂದು ನಿಮಿಷದಲ್ಲಿ ಬೀಳುತ್ತಾನೆ ಅಂತ ನೆನಪಿಟ್ಟುಕೊಂಡರೂ ಆಯಿತು, ಲೆಕ್ಕ ಒಂದೇ.

ಇಲ್ಲಿ ನನ್ನದೊಂದು ಸಣ್ಣ ತಕರಾರು. ಶಾಲೆಯಲ್ಲಿ ಕಲ್ಲಿಗೆ ದಾರ ಕಟ್ಟಿ ತಿರುಗಿಸಿ "ಒಳಗೆಳೆಯುವ ಬಲ, ಹೊರಗೆಳೆಯುವ ಬಲ ಸಮ ಆಗಿರುವುದರಿಂದ ಗ್ರಹ ಬೀಳುವುದಿಲ್ಲ" ಅಂತ ಹೇಳಿಕೊಡುತ್ತಾರಲ್ಲ, ಅದರಿಂದ ಅರ್ಥ ಆಗುವುದಕ್ಕಿಂತ ಗೊಂದಲವೇ ಜಾಸ್ತಿ. ಎರಡೂ ಸಮ ಇದ್ದರೆ ಕಲ್ಲು ನೇರ ಹೋಗಬೇಕಿತ್ತು, ತಿರುಗಬಾರದಿತ್ತು. ದಾರ ಕಡಿದರೆ ಕಲ್ಲು ಹೊರಗಡೆಗೆ ಚಿಮ್ಮುವುದಿಲ್ಲ, ಆ ಕ್ಷಣ ಯಾವ ಕಡೆ ಹೋಗುತ್ತಿತ್ತೋ ಆ ಕಡೆ ನೇರ ಹೋಗುತ್ತದೆ. ಇರುವುದು ಒಂದೇ ಎಳೆತ, ಒಳಗಡೆಗೆ.

ಕಣ್ಣಾರೆ ನೋಡಬೇಕೆಂದರೆ ಸಂಜೆ ಕತ್ತಲಾದ ಒಂದೆರಡು ಗಂಟೆಯಲ್ಲಿ, ಇಲ್ಲವೇ ಬೆಳಗಾಗುವ ಒಂದೆರಡು ಗಂಟೆ ಮೊದಲು ನಿಲ್ದಾಣ ನಿಮ್ಮ ತಲೆಯ ಮೇಲೆ ಹೋಗುವ ದಿನ ಹುಡುಕಿ. ನಾಸಾದ ಸ್ಪಾಟ್ ದಿ ಸ್ಟೇಷನ್ ಆ್ಯಪ್ ಸಮಯ, ದಿಕ್ಕು ಎರಡನ್ನೂ ಹೇಳುತ್ತದೆ. ಮಿನುಗದ, ಬಣ್ಣದ ದೀಪಗಳಿಲ್ಲದ ಒಂದು ಪ್ರಕಾಶಮಾನ ಚುಕ್ಕಿ ನಾಲ್ಕಾರು ನಿಮಿಷದಲ್ಲಿ ಆಕಾಶ ದಾಟುತ್ತದೆ. ಎಷ್ಟೋ ಸಲ ಅಂಚಿಗೆ ಹೋಗುವ ಮೊದಲೇ ನಡುಆಕಾಶದಲ್ಲೇ ಮಂಕಾಗಿ ಮಾಯವಾಗುತ್ತದೆ. ಮೋಡ ಅಂದುಕೊಳ್ಳಬೇಡಿ, ಅದು ಭೂಮಿಯ ನೆರಳಿಗೆ ಹೊಕ್ಕಿತು. ಇನ್ನು ಒಂದೂವರೆ ಗಂಟೆಯಲ್ಲಿ ಭೂಮಿ ಸುತ್ತಿ ಬರುತ್ತದೆ.

ಮುಂದಿನದು ಸೂಜಿ, ದಾರದ ಕೆಲಸ

ಕಕ್ಷೆಗಳು ವೃತ್ತ ಅಲ್ಲ, ದೀರ್ಘವೃತ್ತ ಅಂತ ಜರ್ಮನಿಯ ಖಗೋಳ ವಿಜ್ಞಾನಿ ಕೆಪ್ಲರ್ 1609ರಲ್ಲಿ ಪ್ರಕಟಿಸಿದ. ಆದರೆ ಪುಸ್ತಕಗಳಲ್ಲಿ ಭೂಮಿಯ ಕಕ್ಷೆಯನ್ನು ಮೊಟ್ಟೆಯಂತೆ ಬರೆದು ಬರೆದು ನಮ್ಮ ತಲೆ ಕೆಡಿಸಿದ್ದಾರೆ. ನೀವೇ ಬರೆದು ನೋಡಿ. ದಪ್ಪ ರಟ್ಟಿನ ಮೇಲೆ ದೊಡ್ಡ ಕಾಗದ ಹಾಸಿ, ಎರಡು ಗುಂಡುಸೂಜಿಗಳನ್ನು 5 ಮಿಲಿಮೀಟರ್ ಅಂತರದಲ್ಲಿ ಚುಚ್ಚಿ. 30.5 ಸೆಂಟಿಮೀಟರ್ ಸುತ್ತಳತೆಯ ದಾರದ ಕುಣಿಕೆ ಮಾಡಿ ಎರಡೂ ಸೂಜಿಯ ಸುತ್ತ ಹಾಕಿ, ಪೆನ್ಸಿಲ್ ತುದಿಯಿಂದ ದಾರವನ್ನು ಬಿಗಿಯಾಗಿ ಎಳೆದುಕೊಂಡು ಒಂದು ಸುತ್ತು ಬನ್ನಿ. ಇದು ಭೂಮಿಯ ಕಕ್ಷೆಯ ನಿಜವಾದ ಆಕಾರ. ಸೂರ್ಯ ಇರುವುದು ಒಂದು ಸೂಜಿಯ ಜಾಗದಲ್ಲಿ, ಇನ್ನೊಂದರಲ್ಲಿ ಏನೂ ಇಲ್ಲ. ನೀವು ಬರೆದದ್ದು ವೃತ್ತದ ಹಾಗೇ ಕಾಣುತ್ತದೆ, ಅಲ್ವಾ? ವೃತ್ತಕ್ಕೂ ಇದಕ್ಕೂ ಇರುವ ವ್ಯತ್ಯಾಸ ಪೆನ್ಸಿಲ್ ಗೆರೆಯ ದಪ್ಪಕ್ಕಿಂತ ಕಡಿಮೆ. ಸೂರ್ಯ ನಡುವಿನಿಂದ ಸ್ವಲ್ಪ ಸರಿದಿದ್ದಾನೆ, ಅಷ್ಟೇ. ಆ ಸ್ವಲ್ಪದಿಂದಲೇ ಜನವರಿ ಮೊದಲ ವಾರ ಸೂರ್ಯನಿಗೆ 14.7 ಕೋಟಿ ಕಿಲೋಮೀಟರ್ ಹತ್ತಿರ ಇರುತ್ತೇವೆ, ಜುಲೈ ಮೊದಲ ವಾರ 15.2 ಕೋಟಿ ಕಿಲೋಮೀಟರ್ ದೂರ. ಬೇಸಿಗೆ, ಚಳಿಗಾಲಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ಭೂಮಿಯ ಓರೆಯ ಕೆಲಸ.

ಈಗ ಸೂಜಿಗಳನ್ನು ಕಿತ್ತು 29 ಸೆಂಟಿಮೀಟರ್ ಅಂತರದಲ್ಲಿ ಚುಚ್ಚಿ, 59 ಸೆಂಟಿಮೀಟರ್ ಕುಣಿಕೆ ಹಾಕಿ ಬರೆಯಿರಿ. ಇದು ಹ್ಯಾಲಿ ಧೂಮಕೇತುವಿನ ಕಕ್ಷೆಯ ಆಕಾರ. ತೆಳ್ಳಗೆ ಉದ್ದಕ್ಕೆ ಎಳೆದ ಹಾಗಿದೆ. ಒಂದು ತುದಿ ಸೂರ್ಯನಿಗೆ ಅಂಟಿಕೊಂಡ ಹಾಗೇ ಇದೆ, ಅಲ್ಲಿ ಅದು ಸೆಕೆಂಡಿಗೆ 54 ಕಿಲೋಮೀಟರ್ ಓಡುತ್ತದೆ. ಇನ್ನೊಂದು ತುದಿಯಲ್ಲಿ ಒಂದು ಕಿಲೋಮೀಟರ್ ಕೂಡ ಇಲ್ಲ. ಮೇಲೆ ಎಸೆದ ಬಾಟಲಿ ತುದಿಗೆ ಹೋದಾಗ ನಿಧಾನವಾಗಿ, ಕೆಳಗೆ ಬರುವಾಗ ಜೋರಾಗಿತ್ತಲ್ಲ, ಇದೂ ಅದೇ. ಇದರ ಒಂದು ಏರಿಳಿತಕ್ಕೆ 76 ವರ್ಷ ಬೇಕು, ಅಷ್ಟೇ ವ್ಯತ್ಯಾಸ. ಮತ್ತೆ ಸೂರ್ಯನ ಬಳಿ ಬರುವುದು 2061ರಲ್ಲಿ.

ಕ್ಯಾಲ್ಕುಲೇಟರ್ ತಗೊಳ್ಳಿ. ಸೂರ್ಯನಿಂದ ಭೂಮಿಗಿರುವ ದೂರವನ್ನು 1 ಅಂತ ಇಟ್ಟುಕೊಂಡರೆ ಮಂಗಳ ಗ್ರಹದ ದೂರ 1.524. ಅದನ್ನು ಅದರಿಂದಲೇ ಗುಣಿಸಿ, ಇನ್ನೊಂದು ಸಲ ಗುಣಿಸಿ, ವರ್ಗಮೂಲದ ಗುಂಡಿ ಒತ್ತಿ. 1.88 ಬರುತ್ತದೆ. ಮಂಗಳ ಸೂರ್ಯನನ್ನು ಸುತ್ತಲು ಬೇಕಾದ ಸಮಯ ಅದೇ, 1.88 ವರ್ಷ, ಅಂದರೆ 687 ದಿನ. ಗುರುವಿನ ದೂರ 5.2. ಹಾಗೇ ಮಾಡಿ, 11.86 ವರ್ಷ. ಕೆಪ್ಲರ್ ಇದನ್ನು 1619ರಲ್ಲಿ ಪ್ರಕಟಿಸಿದ. ನಾಲ್ಕು ಗುಂಡಿ ಒತ್ತಿದರೆ ಒಂದು ಗ್ರಹದ ವರ್ಷ ಸಿಗುತ್ತದೆ ಅನ್ನುವುದು ನನಗೆ ಈಗಲೂ ಮೈ ಜುಮ್ಮೆನ್ನಿಸುವ ವಿಷಯ.

ಈ ಲೆಕ್ಕವನ್ನೇ ಬಳಸಿ ಒಂದು ತಮಾಷೆ ನೋಡಿ. ಮಂಗಳಕ್ಕೂ ಗುರುವಿಗೂ ನಡುವೆ ಕ್ಷುದ್ರಗ್ರಹಗಳ ಪಟ್ಟಿ ಇದೆ. ಅಲ್ಲಿ 2.5 ದೂರದಲ್ಲಿ ಸುತ್ತುವ ಒಂದು ಬಂಡೆಗೆ ಎಷ್ಟು ವರ್ಷ? ಲೆಕ್ಕ ಮಾಡಿ: 3.95. ಗುರುವಿನ 11.86ನ್ನು 3ರಿಂದ ಭಾಗಿಸಿ: ಅದೂ 3.95. ಅಂದರೆ ಗುರು ಒಂದು ಸುತ್ತು ಬರುವಷ್ಟರಲ್ಲಿ ಈ ಬಂಡೆ ಸರಿಯಾಗಿ ಮೂರು ಸುತ್ತು ಬರುತ್ತದೆ, ಹಾಗಾಗಿ ಗುರುವಿನ ಎಳೆತ ಪ್ರತಿ ಸಲ ಅದೇ ತಾಳದಲ್ಲಿ ಬೀಳುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಸಣ್ಣಗೆ ತಳ್ಳುತ್ತಾ ಹೋದರೆ ಅದು ಎತ್ತರಕ್ಕೆ ಏರುತ್ತದಲ್ಲ, ಹಾಗೆ ಬಂಡೆಯ ಕಕ್ಷೆ ಉದ್ದುದ್ದಕ್ಕೆ ಹಿಗ್ಗುತ್ತದೆ. ಒಂದು ದಿನ ಅದು ಮಂಗಳದ ಕಕ್ಷೆ ದಾಟುತ್ತದೆ, ಆಮೇಲೆ ನಮ್ಮದನ್ನೂ. 2.5ರ ಆ ಜಾಗ ಹೆಚ್ಚುಕಡಿಮೆ ಖಾಲಿ ಇದೆ. ಅಮೆರಿಕದ ಖಗೋಳ ವಿಜ್ಞಾನಿ ಡೇನಿಯಲ್ ಕರ್ಕ್‌ವುಡ್ ಇಂಥ ಖಾಲಿ ಜಾಗಗಳನ್ನು 1866ರಲ್ಲೇ ಗುರುತಿಸಿದ್ದ. ನಮ್ಮ ನೆಲಕ್ಕೆ ಬರುವ ಉಲ್ಕಾಶಿಲೆಗಳಲ್ಲಿ ಬಹಳಷ್ಟು ಹೊರಡುವುದು ಇಂಥ ಬಾಗಿಲುಗಳಿಂದ.

ರಾತ್ರಿಯ ಪಾಠ

"ನಕ್ಷತ್ರ ಬಿತ್ತು" ಅನ್ನುತ್ತೇವೆ. ಬಿದ್ದದ್ದು ಮರಳಿನ ಕಾಳಿನಷ್ಟು ದೊಡ್ಡ ದೂಳು. ಗಾಳಿಯಲ್ಲಿ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಉರಿದು ಗೆರೆ ಎಳೆದರೆ ಅದು ಉಲ್ಕೆ. ದೊಡ್ಡ ಬಂಡೆ ಬಂದು ಅದರಲ್ಲಿ ಒಂದಿಷ್ಟು ಉಳಿದು ನೆಲಕ್ಕೆ ಸಿಕ್ಕಿದರೆ ಅದು ಉಲ್ಕಾಶಿಲೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಉಲ್ಕಾಪಾತದ ರಾತ್ರಿ ನೂರು ಗೆರೆ ಕಂಡರೂ ಮಾರನೇ ದಿನ ಹುಡುಕಲು ಹೋಗಬೇಕಿಲ್ಲ.

ಧೂಮಕೇತು ತನ್ನ ದಾರಿಯುದ್ದಕ್ಕೂ ದೂಳು ಉದುರಿಸುತ್ತದೆ. ಆ ದೂಳೂ ಅದೇ ಕಕ್ಷೆಯಲ್ಲಿ ಸುತ್ತುತ್ತಿರುತ್ತದೆ. ಭೂಮಿ ಪ್ರತಿ ವರ್ಷ ಒಂದೇ ದಿನ ಆ ದಾರಿಗೆ ಅಡ್ಡ ಬರುತ್ತದೆ, ಅದಕ್ಕೇ ತಾರೀಖು ಬದಲಾಗುವುದಿಲ್ಲ. ಆಗಸ್ಟ್ 12-13ರ ಪರ್ಸಿಯಡ್, ಡಿಸೆಂಬರ್ 13-14ರ ಜೆಮಿನಿಡ್ ಇವೆರಡು ಉಲ್ಕಾಪಾತಗಳು ಹೊಸಬರಿಗೆ ಒಳ್ಳೆಯವು. ಒಂದನ್ನೇ ಆರಿಸಿಕೊಳ್ಳಿ ಅಂದರೆ ನಾನು ಜೆಮಿನಿಡ್ ಅನ್ನುತ್ತೇನೆ. ಅವು ಬರುವುದು ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ, ಉಲ್ಕೆಗಳ ಲೆಕ್ಕದಲ್ಲಿ ಅದು ನಿಧಾನ, ಹಾಗಾಗಿ ಪಕ್ಕದವರಿಗೆ "ಅಗೋ" ಅಂತ ತೋರಿಸುವಷ್ಟು ಹೊತ್ತು ಕೆಲವು ಉಳಿಯುತ್ತವೆ. ಅವುಗಳ ಮೂಲವೂ ವಿಚಿತ್ರ, ಬಾಲದ ಧೂಮಕೇತು ಅಲ್ಲ, ಫೀಥಾನ್ ಅನ್ನುವ ಕ್ಷುದ್ರಗ್ರಹ, 1983ರಲ್ಲಿ ಪತ್ತೆಯಾದದ್ದು. ನವೆಂಬರ್ 17ರ ಸುಮಾರಿನ ಲಿಯೊನಿಡ್‌ಗಳು ನಮಗೆ ಎದುರಾಗಿ ಬರುತ್ತವೆ, ಸೆಕೆಂಡಿಗೆ 71 ಕಿಲೋಮೀಟರ್. ಕಣ್ಣು ಮಿಟುಕಿಸಿದರೆ ಹೋಯಿತು. ಹ್ಯಾಲಿಯನ್ನು 2061ರವರೆಗೆ ಕಾಯಲಾಗದವರು ಅದರ ದೂಳನ್ನಾದರೂ ನೋಡಬಹುದು, ಮೇ 5-6ರ ಹೊತ್ತಿಗೆ ಒಂದು ಸಲ, ಅಕ್ಟೋಬರ್ 21ರ ಹೊತ್ತಿಗೆ ಇನ್ನೊಂದು ಸಲ.

ನನ್ನ ಮೊದಲ ಜೆಮಿನಿಡ್ ರಾತ್ರಿ ಪೂರ್ತಿ ಹಾಳಾಗಿತ್ತು. ಕುರ್ಚಿಯಲ್ಲಿ ಕೂತು ಕತ್ತು ಮೇಲೆತ್ತಿ, ಮಿಥುನ ರಾಶಿಯನ್ನೇ ದಿಟ್ಟಿಸುತ್ತಾ, ಐದು ನಿಮಿಷಕ್ಕೊಮ್ಮೆ ಫೋನ್ ನೋಡುತ್ತಾ ಒಂದೂವರೆ ಗಂಟೆ ಕಳೆದೆ. ಕಂಡದ್ದು ಏಳು. ಕತ್ತು ನೋವು ಎರಡು ದಿನ ಇತ್ತು. ಮಾಡಿದ್ದೆಲ್ಲ ತಪ್ಪೇ. ಮೊದಲನೆಯದಾಗಿ, ಮಲಗಬೇಕು. ಚಾಪೆ ಹಾಸಿ, ಹೊದ್ದುಕೊಂಡು, ಬೆನ್ನ ಮೇಲೆ. ಕಣ್ಣು ಕತ್ತಲಿಗೆ ಒಗ್ಗಲು 20ರಿಂದ 30 ನಿಮಿಷ ಬೇಕು, ಫೋನಿನ ಬಿಳಿ ಬೆಳಕು ಒಂದು ಸಲ ಬಿದ್ದರೆ ಮತ್ತೆ ಮೊದಲಿನಿಂದ ಶುರು. ಬೆಳಕು ಬೇಕೇ ಬೇಕಾದರೆ ಟಾರ್ಚಿಗೆ ಕೆಂಪು ಹಾಳೆ ಕಟ್ಟಿ. ಉಲ್ಕೆಗಳು ಹೊರಡುವಂತೆ ಕಾಣುವ ರಾಶಿಯನ್ನೇ ನೋಡಬೇಡಿ, ಅಲ್ಲಿ ಅವು ನಮ್ಮ ಕಡೆಗೇ ಬರುವುದರಿಂದ ಗೆರೆ ಗಿಡ್ಡ. ಅಲ್ಲಿಂದ ನಾಲ್ಕೈದು ಮುಷ್ಟಿ ಆಚೆ ನೋಡಿ. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಈ ಅಳತೆ ಮುಂದೆಯೂ ಬೇಕಾಗುತ್ತದೆ.

ನಡುರಾತ್ರಿ ದಾಟಿದ ಮೇಲೆ ಜಾಸ್ತಿ ಕಾಣುತ್ತವೆ. ಯಾಕೆಂದರೆ ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ಓಡುತ್ತಿದೆ, ನಡುರಾತ್ರಿಯಿಂದ ಬೆಳಗಿನವರೆಗೆ ನಾವು ಭೂಮಿಯ ಮುಂಬದಿಯಲ್ಲಿರುತ್ತೇವೆ. ಮಳೆಯಲ್ಲಿ ಓಡುವ ಕಾರಿನ ಮುಂದಿನ ಗಾಜಿಗೆ ಹನಿ ಜಾಸ್ತಿ, ಹಿಂದಿನದಕ್ಕೆ ಕಡಿಮೆ. ಚಂದ್ರ ಯಾವಾಗ ಮುಳುಗುತ್ತಾನೆ ಅಂತ ಮೊದಲೇ ನೋಡಿಕೊಳ್ಳಿ. ಹುಣ್ಣಿಮೆ ಹತ್ತಿರ ಇದ್ದರೆ ಆ ವರ್ಷ ಬಿಟ್ಟುಬಿಡಿ, ನಿದ್ದೆಯಾದರೂ ಸಿಗುತ್ತದೆ. "ಗಂಟೆಗೆ 120 ಉಲ್ಕೆ" ಅಂತ ಸುದ್ದಿಯಲ್ಲಿ ಬರುವ ಸಂಖ್ಯೆಯನ್ನು ನಂಬಿ ಕೂರಬೇಡಿ, ಅದು ಪೂರ್ತಿ ಕತ್ತಲಿನ ಆಕಾಶ ಇದ್ದು ಆ ರಾಶಿ ನೆತ್ತಿಯ ಮೇಲಿದ್ದರೆ ಅನ್ನುವ ಲೆಕ್ಕ. ಅದರ ಮೂರನೇ ಒಂದು ಪಾಲು ಕಂಡರೂ ಒಳ್ಳೆಯ ರಾತ್ರಿ.

ಪುಟ್ಟ ನೋಟ್‌ಬುಕ್ಕಿನಲ್ಲಿ ಆಕಾಶದ ಚಿತ್ರ ಬರೆದುಕೊಂಡು ಕಂಡ ಒಂದೊಂದು ಗೆರೆಯನ್ನೂ ಗುರುತಿಸಿ. ಹತ್ತಿಪ್ಪತ್ತು ಆದಮೇಲೆ ಗೆರೆಗಳನ್ನು ಹಿಂದಕ್ಕೆ ಎಳೆಯಿರಿ, ಹೆಚ್ಚಿನವು ಒಂದೇ ಕಡೆ ಸೇರುತ್ತವೆ. ನಿಜದಲ್ಲಿ ಅವೆಲ್ಲ ಪಕ್ಕಪಕ್ಕ ಸಮಾನಾಂತರವಾಗಿ ಬರುತ್ತಿವೆ, ರೈಲು ಹಳಿಗಳು ದೂರದಲ್ಲಿ ಸೇರಿದ ಹಾಗೆ ಕಾಣುತ್ತವಲ್ಲ, ಹಾಗೆ ಇದು. ಸೇರದೆ ಎಲ್ಲೋ ಹೋಗುವ ಒಂದೆರಡು ಗೆರೆ ಬೇರೆ ಗುಂಪಿನವು ಅಥವಾ ಒಂಟಿ ಉಲ್ಕೆಗಳು.

ಬೆಂಕಿಯುಂಡೆ ಕಂಡರೆ

ಕೆಲವೊಮ್ಮೆ ಶುಕ್ರ ಗ್ರಹಕ್ಕಿಂತಲೂ ಪ್ರಕಾಶಮಾನವಾಗಿ, ನೆಲದ ಮೇಲೆ ನೆರಳು ಬೀಳುವಷ್ಟು ಬೆಳಕಿನ ಉಲ್ಕೆ ಬರುತ್ತದೆ. ಅದು ಎರಡು ಮೂರು ಸೆಕೆಂಡಿನಲ್ಲಿ ಮುಗಿದರೆ ಉಲ್ಕೆ. ಅರ್ಧ ನಿಮಿಷಕ್ಕೂ ಜಾಸ್ತಿ ಹೊತ್ತು ತುಂಡು ತುಂಡಾಗುತ್ತಾ ನಿಧಾನವಾಗಿ ಆಕಾಶದ ಉದ್ದಕ್ಕೂ ಹೋದರೆ ಬಹುಪಾಲು ಯಾವುದೋ ರಾಕೆಟ್ಟಿನ ಇಲ್ಲವೇ ಉಪಗ್ರಹದ ಚೂರು. ಇದಕ್ಕೂ ಕಕ್ಷೆಯೇ ಕಾರಣ: ಭೂಮಿಯನ್ನು ಸುತ್ತುತ್ತಿದ್ದ ವಸ್ತು ಸೆಕೆಂಡಿಗೆ 8 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಓರೆಯಾಗಿ ಜಾರಿಕೊಂಡು ಬರುತ್ತದೆ, ಸೂರ್ಯನನ್ನು ಸುತ್ತುತ್ತಿದ್ದದ್ದು ಇಲ್ಲಿಗೆ ಬಂದಾಗ 11 ಕಿಲೋಮೀಟರಿಗಿಂತ ಜಾಸ್ತಿಯೇ ಇರುತ್ತದೆ, 72ರವರೆಗೂ.

ಕಂಡ ತಕ್ಷಣ ಗಡಿಯಾರ ನೋಡಿ. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ಯಾವ ಮರ ಅಥವಾ ಕಟ್ಟಡದ ಮೇಲೆ, ಎಷ್ಟು ಮುಷ್ಟಿ ಎತ್ತರ ಅಂತ ಬರೆದುಕೊಳ್ಳಿ. ಆಮೇಲೆ ಶಬ್ದಕ್ಕೆ ಕಾಯಿರಿ, ಆದರೆ ಕಿಟಕಿಯ ಬಳಿ ಅಲ್ಲ. ಇದನ್ನು ತಮಾಷೆಗೆ ಹೇಳುತ್ತಿಲ್ಲ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್ ಗಾತ್ರದ ಬಂಡೆ 30 ಕಿಲೋಮೀಟರ್ ಎತ್ತರದಲ್ಲಿ ಸಿಡಿಯಿತು. ಬೆಳಕು ತಕ್ಷಣ ಕಂಡಿತು, ಜನ ಏನಪ್ಪಾ ಅದು ಅಂತ ಕಿಟಕಿಗೆ ಬಂದರು. ಶಬ್ದಕ್ಕೆ 30 ಕಿಲೋಮೀಟರ್ ಬರಲು ಒಂದೂವರೆ ನಿಮಿಷ ಬೇಕು. ಒತ್ತಡದ ಅಲೆ ಬಂದು ಗಾಜು ಒಡೆದು ಸುಮಾರು 1,500 ಜನರಿಗೆ ಗಾಯವಾಯಿತು. ಅಸಾಧಾರಣ ಬೆಳಕು ಕಂಡರೆ ಎರಡು ಮೂರು ನಿಮಿಷ ಗಾಜಿನಿಂದ ದೂರ ಇರಿ. ಬರೆದುಕೊಂಡದ್ದನ್ನು ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆಯ ಫಾರ್ಮಿನಲ್ಲಿ ತುಂಬಿ ಕಳಿಸಿ. ಬೇರೆ ಬೇರೆ ಊರಿನಿಂದ ನೋಡಿದವರ ದಿಕ್ಕುಗಳನ್ನು ಸೇರಿಸಿದರೆ ಅದು ಯಾವ ದಾರಿಯಲ್ಲಿ ಬಂತು ಅಂತ ಲೆಕ್ಕ ಹಾಕಬಹುದು. 1959ರ ಏಪ್ರಿಲ್ 7ರಂದು ಚೆಕೊಸ್ಲೊವಾಕಿಯಾದ ಪ್ರಿಬ್ರಾಮ್ ಬಳಿ ಬಿದ್ದ ಉಲ್ಕಾಶಿಲೆಯ ಕಕ್ಷೆಯನ್ನು ಫೋಟೊಗಳಿಂದ ಲೆಕ್ಕ ಹಾಕಿದರು, ಹಾಗೆ ಮಾಡಿದ್ದು ಅದೇ ಮೊದಲು. ಆ ಕಕ್ಷೆಯ ಆಚೆ ತುದಿ ನಾವು ಆಗಲೇ ಹೇಳಿದ ಕ್ಷುದ್ರಗ್ರಹಗಳ ಪಟ್ಟಿಗೆ ಮುಟ್ಟಿತು.

ಕಲ್ಲು ಸಿಕ್ಕಿದರೆ

ಆಕಾಶದಿಂದ ಕಲ್ಲು ಬೀಳುತ್ತದೆ ಅಂದರೆ ಒಂದು ಕಾಲದಲ್ಲಿ ಪಂಡಿತರು ನಗುತ್ತಿದ್ದರು. ಬೀಳುತ್ತದೆ ಅಂತ 1794ರಲ್ಲಿ ಜರ್ಮನಿಯ ಭೌತವಿಜ್ಞಾನಿ ಕ್ಲಾಡ್ನಿ ಬರೆದಾಗ ಕೆಲವರಷ್ಟೇ ಒಪ್ಪಿದರು. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಎಂಬಲ್ಲಿ ಹಾಡಹಗಲೇ ಸುಮಾರು 3,000 ಕಲ್ಲು ಬಿದ್ದವು, ಅಲ್ಲಿನ ಭೌತವಿಜ್ಞಾನಿ ಜಾಂ ಬಾಪ್ಟಿಸ್ಟ್ ಬಿಯೋ ಹೋಗಿ ಊರೂರು ಸುತ್ತಿ ಜನರನ್ನು ವಿಚಾರಿಸಿ ವರದಿ ಕೊಟ್ಟ. ಆಮೇಲೆ ನಗು ನಿಂತಿತು. ಈಗ ಉಲ್ಟಾ ಆಗಿದೆ, ಕರಿ ಕಲ್ಲು ಕಂಡರೆಲ್ಲ ಉಲ್ಕಾಶಿಲೆ ಅನ್ನುತ್ತಾರೆ.

ನಾನೂ ಆ ಗುಂಪಿನವನೇ. ಕಪ್ಪಗೆ, ಭಾರವಾಗಿ, ಅಯಸ್ಕಾಂತಕ್ಕೆ ಅಂಟುವ ಒಂದು ಕಲ್ಲು ದಾರಿಯಲ್ಲಿ ಸಿಕ್ಕಿತ್ತು. ಎರಡು ವರ್ಷ ಕಪಾಟಿನಲ್ಲಿಟ್ಟು ಬಂದವರಿಗೆಲ್ಲ ತೋರಿಸಿ ಭಾಷಣ ಬಿಗಿದೆ. ಕೊನೆಗೆ ಒಂದು ದಿನ ಮೂಲೆಯನ್ನು ಅರದಿಂದ ಉಜ್ಜಿ ಭೂತಗನ್ನಡಿಯಲ್ಲಿ ನೋಡಿದರೆ ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆಯ ತೂತು. ಕಬ್ಬಿಣದ ಕಿಟ್ಟ! ಕುಲುಮೆಯಲ್ಲಿ ಕುದಿದು ಆರಿದ ಕಸ.

ಹಾಗಾಗಿ ಮೊದಲು ಗುಳ್ಳೆ ನೋಡಿ. ತೂತು ತೂತಾಗಿದ್ದರೆ ಉಲ್ಕಾಶಿಲೆ ಅಲ್ಲವೆಂದೇ ತಿಳಿಯಿರಿ. ಹೊಳೆಯುವ ಬಿಳಿ ಬೆಣಚುಕಲ್ಲಿನ ಹರಳು ಕಂಡರೂ ಹಾಗೇ. ಹೊಸದಾಗಿ ಬಿದ್ದ ಕಲ್ಲಿನ ಮೇಲೆ ಒಂದು ಮಿಲಿಮೀಟರಿಗಿಂತ ತೆಳುವಾದ ಕರಿ ಹೊದಿಕೆ ಇರುತ್ತದೆ, ಒಡೆದ ಕಡೆ ಒಳಗೆ ಬೂದು ಬಣ್ಣ. ಕೆಲವದರ ಮೇಲೆ ಹಸಿ ಮಣ್ಣಿಗೆ ಹೆಬ್ಬೆರಳು ಒತ್ತಿದ ಹಾಗೆ ಗುಳಿಗಳಿರುತ್ತವೆ. ಬಿದ್ದ ಕಲ್ಲು ಕೆಂಪಗೆ ಕಾದಿತ್ತು, ಹುಲ್ಲಿಗೆ ಬೆಂಕಿ ಹತ್ತಿತು ಅನ್ನುವ ಕತೆ ಕೇಳಿದರೆ ಅನುಮಾನಪಡಿ. ಉರಿಯುವುದು ಕೆಲವೇ ಸೆಕೆಂಡ್, ಅದೂ ಮೇಲ್ಮೈ ಮಾತ್ರ, ಒಳಗಿನ ಕಲ್ಲು ಬಾಹ್ಯಾಕಾಶದ ತಣ್ಣಗಿನಲ್ಲೇ ಇರುತ್ತದೆ. 15-20 ಕಿಲೋಮೀಟರ್ ಎತ್ತರದಲ್ಲೇ ಬೆಂಕಿ ಆರಿ, ಆಮೇಲೆ ಕಟ್ಟಡದಿಂದ ಬಿದ್ದ ಕಲ್ಲಿನ ಹಾಗೆ ಬೀಳುತ್ತದೆ.

ಅಯಸ್ಕಾಂತದ ಪರೀಕ್ಷೆ ಮಾಡುವಾಗ ಒಂದು ಎಚ್ಚರ. ನಿಯೋಡಿಮಿಯಂನ ಬಲವಾದ ಅಯಸ್ಕಾಂತ ತಾಗಿಸಬೇಡಿ. ಕಲ್ಲಿನೊಳಗೆ ಕೋಟ್ಯಂತರ ವರ್ಷ ಹಿಂದಿನ ಕಾಂತಕ್ಷೇತ್ರದ ಗುರುತು ಉಳಿದಿರಬಹುದು, ಒಂದೇ ಸಲಕ್ಕೆ ಅದು ಅಳಿಸಿಹೋಗುತ್ತದೆ. ಫ್ರಿಜ್ಜಿಗೆ ಅಂಟಿಸುವ ಸಾದಾ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಕಲ್ಲಿನ ಬಳಿ ತೂಗಿಬಿಡಿ, ಸ್ವಲ್ಪ ವಾಲಿದರೂ ಗೊತ್ತಾಗುತ್ತದೆ. ಹೆಚ್ಚಿನ ಉಲ್ಕಾಶಿಲೆಗಳಲ್ಲಿ ಕಬ್ಬಿಣ ಇರುವುದರಿಂದ ವಾಲಲೇಬೇಕು. ಆದರೆ ವಾಲಿದ್ದೆಲ್ಲ ಉಲ್ಕಾಶಿಲೆ ಅಲ್ಲ, ಮ್ಯಾಗ್ನೆಟೈಟ್ ಅನ್ನುವ ನಮ್ಮ ಭೂಮಿಯದೇ ಕಲ್ಲು ಇನ್ನೂ ಜೋರಾಗಿ ಎಳೆಯುತ್ತದೆ. ಅದಕ್ಕೆ ಟೈಲ್ಸ್‌ನ ಹಿಂಬದಿಯ ಒರಟು ಮೇಲ್ಮೈಗೆ ಕಲ್ಲನ್ನು ಉಜ್ಜಿ. ಕಪ್ಪು ಗೆರೆ ಬಂದರೆ ಮ್ಯಾಗ್ನೆಟೈಟ್ ಇರಬಹುದು, ಕೆಂಪು ಕಂದು ಬಂದರೆ ಹೆಮಟೈಟ್. ಉಲ್ಕಾಶಿಲೆ ಸಾಮಾನ್ಯವಾಗಿ ಗೆರೆ ಎಳೆಯುವುದಿಲ್ಲ ಅಥವಾ ತೆಳ್ಳಗೆ ಬೂದು ಗೆರೆ ಬರುತ್ತದೆ.

ಇಷ್ಟರಲ್ಲೂ ಪಾಸಾದರೆ ಮಾತ್ರ ತಕ್ಕಡಿ ತನ್ನಿ, ಯಾಕೆಂದರೆ ಇದಕ್ಕೆ ನೀರು ಬೇಕು, ನೀರು ತಾಗಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಈಗಷ್ಟೇ ಬಿದ್ದದ್ದಾದರೆ ಈ ಪರೀಕ್ಷೆ ಬಿಟ್ಟೇಬಿಡಿ. ಮೊದಲು ಒಣ ಕಲ್ಲನ್ನು ತೂಗಿ, 210 ಗ್ರಾಂ ಬಂತು ಅಂತಿಟ್ಟುಕೊಳ್ಳಿ. ಅರ್ಧ ನೀರಿರುವ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಕಲ್ಲಿಗೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ, ತಳಕ್ಕೂ ಬದಿಗೂ ತಾಗದಂತೆ ತೂಗಿಹಿಡಿಯಿರಿ. ತಕ್ಕಡಿ 60 ತೋರಿಸಿದರೆ ಕಲ್ಲಿನ ಗಾತ್ರ 60 ಮಿಲಿಲೀಟರ್. 210ನ್ನು 60ರಿಂದ ಭಾಗಿಸಿ: 3.5. ನಮ್ಮ ಸುತ್ತಲಿನ ಸಾಮಾನ್ಯ ಕಲ್ಲುಗಳು 2.5ರಿಂದ 3ರ ಒಳಗೆ ಬರುತ್ತವೆ, ಸಾಮಾನ್ಯ ಬಗೆಯ ಉಲ್ಕಾಶಿಲೆ 3.3ರಿಂದ 3.7, ಕಬ್ಬಿಣದ ಉಲ್ಕಾಶಿಲೆಯಾದರೆ 7ರ ಮೇಲೆ. 5ರ ಹತ್ತಿರ ಬಂದರೆ ಮತ್ತೆ ಮ್ಯಾಗ್ನೆಟೈಟ್, ಹೆಮಟೈಟ್ ಕಡೆಗೇ ಅನುಮಾನ. ನನ್ನ ಕಿಟ್ಟ 3.4 ಬಂದಿತ್ತು, ಹಾಗಾಗಿ ಇದೊಂದನ್ನೇ ನಂಬಿ ಕುಣಿಯಬೇಡಿ.

ಕೊನೆಗೆ, ಆಗಲೇ ಒಡೆದಿರುವ ಮುಖ ಇದ್ದರೆ ಅದನ್ನು ಭೂತಗನ್ನಡಿಯಲ್ಲಿ ನೋಡಿ. ಬೂದು ಕಲ್ಲಿನ ನಡುವೆ ಅಲ್ಲಲ್ಲಿ ಹೊಳೆಯುವ ಲೋಹದ ಚುಕ್ಕಿಗಳು, ಸಾಸಿವೆಗಿಂತ ಸಣ್ಣ ದುಂಡು ಕಾಳುಗಳು ಕಂಡರೆ ನಿಮ್ಮ ಎದೆ ಹೊಡೆದುಕೊಳ್ಳಲು ಕಾರಣ ಇದೆ. ಆ ದುಂಡು ಕಾಳುಗಳಿಗೆ ಕಾಂಡ್ರೂಲ್ ಅನ್ನುತ್ತಾರೆ. ಅವು ಭೂಮಿ ಪೂರ್ತಿಯಾಗಿ ರೂಪುಗೊಳ್ಳುವ ಮೊದಲೇ, ಸುಮಾರು 456 ಕೋಟಿ ವರ್ಷದ ಹಿಂದೆ, ಕರಗಿದ ಹನಿಗಳಾಗಿ ತೇಲುತ್ತಾ ಗಟ್ಟಿಯಾದವು. ಭೂಮಿಯ ಯಾವ ಕಲ್ಲಿನಲ್ಲೂ ಅವು ಇಲ್ಲ.

ಅಂಥದ್ದು ಸಿಕ್ಕರೆ ತೊಳೆಯಬೇಡಿ, ಒಡೆಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಎತ್ತುವ ಮೊದಲು ಪಕ್ಕದಲ್ಲಿ ಒಂದು ಸ್ಕೇಲ್ ಅಥವಾ ಪೆನ್ ಇಟ್ಟು ಫೋಟೊ ತೆಗೆಯಿರಿ, ಫೋನಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ ಉಳಿಸಿಕೊಳ್ಳಿ, ಸ್ವಚ್ಛ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ ಒಣ ಡಬ್ಬದಲ್ಲಿಡಿ. ಆಮೇಲೆ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಫೋಟೊ ಕಳಿಸಿ. ಅವರು ನಿಕಲ್ ಎಷ್ಟಿದೆ ಅಂತ ನೋಡುತ್ತಾರೆ, ಉಲ್ಕಾಶಿಲೆಯ ಕಬ್ಬಿಣದಲ್ಲಿ ಅದು ಇದ್ದೇ ಇರುತ್ತದೆ, ಕಿಟ್ಟದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕಲ್ಲು ಯಾರಿಗೆ ಸೇರಿದ್ದು ಅನ್ನುವ ನಿಯಮ ದೇಶದಿಂದ ದೇಶಕ್ಕೆ ಬೇರೆ, ಮಾರುವ ಯೋಚನೆ ಬಂದರೆ ಮೊದಲು ಅದನ್ನು ಕೇಳಿಕೊಳ್ಳಿ.